ಗೋಧಿಗೆ ಮುನಿದ ಪಾರು

ಅಜ್ಜನಾದವನ ಪ್ರೀತಿ ಬಾಯಿಯಲ್ಲಿ ಇರುವುದಿಲ್ಲ, ಅಂಗಿಯ ಕಿಸೆಯಲ್ಲಿ ಇರುತ್ತದೆ. ಇದು ನಾನು ಅಜ್ಜನಾದ ಮೇಲೆ ಕಂಡುಕೊಂಡ ಸಂಗತಿ. ಬರೀ ಅಪ್ಪನಾಗಿದ್ದಾಗ ನನ್ನ ಕಿಸೆಯಲ್ಲಿ ಬೀಡಿಕಟ್ಟು, ಬೆಂಕಿಪೆಟ್ಟಿಗೆ, ಮಗ್ಗದಲ್ಲಿ ಎಳೆ ಸೇದುವ ಕೊಕ್ಕೆ ಇಷ್ಟೇ ಇರುತ್ತಿದ್ದವು. ಮೊಮ್ಮಗಳು ಪಾರು ಹುಟ್ಟಿದ ಮೇಲೆ ಬೀಡಿ ಹೋಗಿ ಬಿಸ್ಕೀಟು ಬಂತು, ಬೆಂಕಿಪೆಟ್ಟಿಗೆ ಹೋಗಿ ಖಾರಿ ಬಂತು. ಖಾರಿ ಎಂದರೆ ಬೇಕರಿಯವರು ಮಾಡುವ ಪದರು ಪದರಿನ ಉಪ್ಪು ತಿಂಡಿ, ಮುಟ್ಟಿದರೆ ಪುಡಿಯಾಗುತ್ತದೆ. ಅಂಗಿ ಒಗೆಯುವಾಗ ನನ್ನ ಹೆಂಡತಿ ಗಂಗವ್ವ ಕಿಸೆ ಮಗುಚಿದರೆ ಅದರಿಂದ ಒಂದು ಹಿಡಿ ಪುಡಿಯೂ ಅದನ್ನು ಹೊತ್ತುಕೊಂಡು ಹೊರಟ ಇರುವೆಗಳ ಸಾಲೂ ಬೀಳುತ್ತಿದ್ದವು. "ನೀವು ಅಂಗಿ ಹಾಕ್ಕೋತೀರೋ, ಇರುವಿ ಗೂಡು ಹಾಕ್ಕೋತೀರೋ?" ಎಂದು ಅವಳು ಕೇಳುವಳು. ನಾನು ನಗುತ್ತಿದ್ದೆ. ಆ ಪುಡಿಯಲ್ಲಿ ನಮ್ಮ ಪಾರುವಿನ ಹೊಟ್ಟೆಗೆ ವಿಷ ಇದೆ ಎಂದು ಇರುವೆಗಳಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ.

ನಾನು ಹೆಚ್ಚು ಓದಿದವನಲ್ಲ. ಇಚಲಕರಂಜಿಯ ಮಗ್ಗದ ಶೆಡ್ಡುಗಳಲ್ಲಿ ವಯಸ್ಸು ಕಳೆದವನು. ಮಗ್ಗದ ಸದ್ದಿಗೆ ಕಿವಿ ಮಂದವಾಗಿದೆ. ಹೀಗಾಗಿ ನಾನು ಗುಟ್ಟಾಗಿ ಆಡಿದ ಮಾತು ಪಕ್ಕದೂರು ಕಬನೂರಿನ ತನಕ ಕೇಳುತ್ತದೆ ಎಂದು ಮನೆಯವರು ಹೇಳುತ್ತಾರೆ. ನಮ್ಮದು ಮೂಲತಃ ಬೆಳಗಾವಿ ಕಡೆಯ ಮನೆತನ. ಒಬ್ಬಳೇ ಮಗಳು ಶಾಂತಾಳನ್ನು ಗಡಹಿಂಗ್ಲಜಕ್ಕೆ ಕೊಟ್ಟಿದ್ದೇವೆ. ಅವಳ ಮೊದಲ ಮಗಳೇ ಪಾರು. ಹುಟ್ಟಿದಾಗ ಬೆಣ್ಣೆಯ ಮುದ್ದೆಯ ಹಾಗೆ ಇತ್ತು ಕೂಸು. ಅನ್ನ ಮುಟ್ಟಿಸಿದ ಮೇಲೆ, ಗಟ್ಟಿ ಪದಾರ್ಥ ತಿನ್ನತೊಡಗಿದ ಮೇಲೆ, ಏನಾಯಿತೋ ಏನೋ, ಕೈಕಾಲು ಬತ್ತಿಯ ಹಾಗೆ ಸಣ್ಣಗಾದವು, ಹೊಟ್ಟೆ ಮಾತ್ರ ಬಿಂದಿಗೆಯ ಹಾಗೆ ಮುಂದೆ ಬಂತು. ತಿಂದದ್ದು ನಿಲ್ಲುತ್ತಿರಲಿಲ್ಲ, ನೀರಾಗಿ ಹೋಗುತ್ತಿತ್ತು. ಎತ್ತಿಕೊಂಡರೆ ಮಗು ಎತ್ತಿಕೊಂಡ ಹಾಗೆ ಆಗುತ್ತಿರಲಿಲ್ಲ, ಮಗುವಿನ ಅಂಗಿ ಎತ್ತಿಕೊಂಡ ಹಾಗೆ ಆಗುತ್ತಿತ್ತು.

ದೃಷ್ಟಿ ತೆಗೆದೆವು. ದಾರ ಕಟ್ಟಿಸಿದೆವು. ಎಲ್ಲಕ್ಕಿಂತ ಹೆಚ್ಚಾಗಿ, ತಿನ್ನಿಸಿದೆವು. ನಾವು ಜೋಳದ ರೊಟ್ಟಿ ತಿಂದು ಬೆಳೆದ ಜನ. ನಮ್ಮ ಕಾಲದಲ್ಲಿ ಚಪಾತಿ ಎಂದರೆ ಹಬ್ಬಕ್ಕೆ, ಇಲ್ಲವೆ ಅಳಿಯ ಬಂದಾಗ. ಈಗ ಕೈಯಲ್ಲಿ ನಾಲ್ಕು ಕಾಸು ಆಡುತ್ತಿರುವಾಗ ಮೊಮ್ಮಗಳಿಗೂ ಜೋಳದ ರೊಟ್ಟಿಯೇ ಏನು? ಮರ್ಯಾದೆ ಬೇಡವೆ? ಹಾಲು ಚಪಾತಿ, ಗೋಧಿ ಹುಗ್ಗಿ, ರವೆಯ ಗಂಜಿ, ಚಹದಲ್ಲಿ ಅದ್ದಿದ ಬಿಸ್ಕೀಟು, ನನ್ನ ಕಿಸೆಯ ಖಾರಿ. ಕೂಸು ಸೊರಗಿದಷ್ಟೂ ನಮ್ಮ ಪ್ರೀತಿ ಹೆಚ್ಚಿತು, ಪ್ರೀತಿ ಹೆಚ್ಚಿದಷ್ಟೂ ಗೋಧಿ ಹೆಚ್ಚಿತು, ಗೋಧಿ ಹೆಚ್ಚಿದಷ್ಟೂ ಕೂಸು ಸೊರಗಿತು. ಇಬ್ಬರೂ ಅಜ್ಜಂದಿರು, ಇಬ್ಬರೂ ಅಜ್ಜಿಯರು ಸೇರಿ ಎರಡೂ ಊರುಗಳಲ್ಲಿ ಈ ಚಕ್ರವನ್ನು ಶ್ರದ್ಧೆಯಿಂದ ತಿರುಗಿಸಿದೆವು.

ಕಡೆಗೆ ಕೊಲ್ಲಾಪುರದ ಮಕ್ಕಳ ಡಾಕ್ಟರರ ಹತ್ತಿರ ಹೋದೆವು. ಸಮಾಧಾನದ ಮನುಷ್ಯ. ಪಾರು ಏನೇನು ತಿನ್ನುತ್ತಾಳೆ ಎಂದು ಕೇಳಿದರು. ನಾನು ಹೆಮ್ಮೆಯಿಂದ, ನನ್ನ ದೊಡ್ಡ ದನಿಯಲ್ಲಿ, ಎಲ್ಲವನ್ನೂ ಹೇಳಿದೆ. ಹೊರಗೆ ಬೆಂಚಿನ ಮೇಲೆ ಕೂತವರಿಗೂ ಬಾಯಲ್ಲಿ ನೀರು ಬಂದಿರಬೇಕು. ಡಾಕ್ಟರರು ಕೇಳಿ ಮುಗಿಸಿ, ಕನ್ನಡಕ ತೆಗೆದು, ಮರಾಠಿಯಲ್ಲಿ ನಿಧಾನವಾಗಿ ತಿಳಿಸಿದರು. ಇದು ಸೀಲಿಯಾಕ್ ಎಂಬ ಕಾಯಿಲೆ ಇರಬಹುದು. ಗೋಧಿಯಲ್ಲಿರುವ ಅಂಟಿನಂಥ ಸತ್ವವನ್ನು ಈ ಮಗುವಿನ ಕರುಳು ತಾಳುವುದಿಲ್ಲ. ಗೋಧಿ, ಜವೆಗೋಧಿ ಎರಡೂ ಸಂಪೂರ್ಣ ಬಂದ್. ಅಕ್ಕಿ, ಜೋಳ, ಸಜ್ಜೆ, ರಾಗಿ, ಮೆಕ್ಕೆಜೋಳ ಯಾವುದೂ ಅಡ್ಡಿಯಿಲ್ಲ. ಔಷಧ? ಇಲ್ಲ, ಬಿಡುವುದೇ ಔಷಧ. ಎಷ್ಟು ದಿನ? ಜೀವನಪೂರ್ತಿ. ಮಳೆಗಾಲ ಮುಗಿದ ಮೇಲೆ ಮತ್ತೆ ತೂಕ ನೋಡೋಣ. ಏರದಿದ್ದರೆ ಮುಂಬಯಿಗೆ ಕಳಿಸಿ, ಬಾಯಿಯಿಂದ ಕರುಳಿನ ತನಕ ನಳಿಕೆ ಇಳಿಸಿ ಪರೀಕ್ಷೆ ಮಾಡಿಸಬೇಕಾಗುತ್ತದೆ ಎಂದರು. ಅಷ್ಟು ಸಣ್ಣ ಬಾಯಿ, ಅದರೊಳಗೆ ನಳಿಕೆ! ಎಸ್‌ಟಿ ಬಸ್ಸಿನಲ್ಲಿ ವಾಪಸು ಬರುವಾಗ ಶಾಂತಾ ಕಿಟಕಿಯ ಕಡೆ ಮುಖ ಮಾಡಿ ಅತ್ತಳು. ಕಾಯಿಲೆಯ ಹೆಸರು ಗಂಗವ್ವನ ಬಾಯಲ್ಲಿ ಕೂಡಲಿಲ್ಲ. ಅವಳು ಅದಕ್ಕೆ "ಗೋಧಿ ಮುನಿಸು" ಎಂದು ಹೆಸರಿಟ್ಟಳು. ನಮ್ಮ ಮನೆಯಲ್ಲಿ ಇವತ್ತಿಗೂ ಅದೇ ಹೆಸರು.

ಗಡಹಿಂಗ್ಲಜದ್ದು ಕೂಡು ಮನೆ, ದಿನಾ ಬುಟ್ಟಿ ತುಂಬ ಚಪಾತಿ ಆಗುವ ಮನೆ. ಅದಕ್ಕೆ ತಾಯಿ ಮಗಳು ಇಬ್ಬರೂ ನಮ್ಮಲ್ಲೇ ಇರಲಿ ಎಂದು ಅಳಿಯನ ಒಪ್ಪಿಗೆಯ ಮೇಲೆ ತೀರ್ಮಾನವಾಯಿತು. ಆಗ ನಮ್ಮ ಮನೆಯಲ್ಲಿ ಹಿಂದೆಂದೂ ಇಲ್ಲದ ಮಡಿ ಶುರುವಾಯಿತು. ನಾವು ಮಡಿ ಮೈಲಿಗೆ ಮಾಡುವ ಜನವೇ ಅಲ್ಲ. ಆದರೆ ಗಂಗವ್ವ ಗೋಧಿಯ ವಿಷಯದಲ್ಲಿ ಯಾವ ಪೂಜಾರಿಗೂ ಕಡಿಮೆ ಇಲ್ಲದ ಹಾಗೆ ನಡೆದುಕೊಂಡಳು. ಪಾರುವಿನ ಹಂಚು ಬೇರೆ, ಪಾರುವಿನ ಹಿಟ್ಟು ನಾದುವ ಪರಾತ ಬೇರೆ, ಹಿಟ್ಟಿನ ಡಬ್ಬಿ ಬೇರೆ. ಅದರ ಮುಚ್ಚಳದ ಮೇಲೆ ಗುರುತಿಗೆಂದು ಶಾಂತಾ ಇಟ್ಟ ಕುಂಕುಮದ ಬೊಟ್ಟು. ನಾನು ಹೊರಗೆ ಪಾವು, ಅಂದರೆ ಬೇಕರಿಯ ಬ್ರೆಡ್ಡು, ಮುಟ್ಟಿ ಬಂದರೆ ಕೈ ತೊಳೆಯದೆ ಮಗುವನ್ನು ಎತ್ತುವ ಹಾಗಿಲ್ಲ. "ನಿಂದರ್ರಿ ಅಲ್ಲೇ! ಮೀಸಿ ತೊಳದೀರೇನು?" ಎಂದು ಬಾಗಿಲಲ್ಲೇ ತಡೆಯುವಳು. ಸಾಯಂಕಾಲ ಪೇಟೆಯಲ್ಲಿ ಮಿಸಳ ಪಾವು ತಿನ್ನುವುದು ನನ್ನ ಹಳೆಯ ಚಾಳಿ. ಮೀಸೆಯಲ್ಲಿ ಪಾವಿನ ಚೂರು ಹುಡುಕುವ ಹೆಂಡತಿ ಇರುವಾಗ ಯಾವ ಗಂಡಸು ಎಷ್ಟು ದಿನ ಮಿಸಳ ತಿಂದಾನು? ಬಿಟ್ಟೆ.

ಗೋಧಿಯಷ್ಟು ವೇಷ ಹಾಕುವ ಧಾನ್ಯ ಮತ್ತೊಂದಿಲ್ಲ ಎಂಬುದು ನಮಗೆ ಆಗ ಗೊತ್ತಾಯಿತು. ಅದು ರವೆಯಾಗಿ ಬರುತ್ತದೆ, ಮೈದಾ ಆಗಿ ಬರುತ್ತದೆ, ಶಾವಿಗೆಯಾಗಿ ಬರುತ್ತದೆ, ಚುರುಮುರಿಯ ಭೇಳಿನೊಳಗೆ ಕರಿದ ಪೂರಿಯ ಚೂರಾಗಿ ಅಡಗಿ ಕೂಡುತ್ತದೆ. ಬೀಗಿತಿ, ಅಂದರೆ ಶಾಂತಾಳ ಅತ್ತೆ ಬಾಳಕ್ಕ, ಒಂದು ದಿನ ಗಡಹಿಂಗ್ಲಜದಿಂದ ಡಬ್ಬಿ ತುಂಬ ಉಂಡೆ ಕಟ್ಟಿಕೊಂಡು ಬಂದರು. ತುಪ್ಪದ ವಾಸನೆ ಓಣಿಯ ಬಾಯಿಯಿಂದಲೇ ಬರುತ್ತಿತ್ತು.

"ಬೀಗಿತೇರ, ಇವು ಏನ್ರಿ?" ಎಂದಳು ಗಂಗವ್ವ, ಡಬ್ಬಿಗೆ ಕೈ ಹಚ್ಚದೆ.

"ರವಾ ಉಂಡಿರಿ. ನನ್ನ ಮೊಮ್ಮಗಳಿಗೆ ಅಂತ ಕೈಯಾರ ಕಟ್ಟೇನಿ."

"ರವಾ ಅಂದ್ರ ಗೋಧೀನ ಅಲ್ರಿ?"

"ಅಯ್ಯ, ಗೋಧಿ ಬ್ಯಾರೆ, ರವಾ ಬ್ಯಾರೆ ತಗೋರಿ! ಗೋಧಿ ಕೆಂಪಗ ಇರತೈತಿ, ರವಾ ಬೆಳ್ಳಗ ಐತಿ. ಡಾಕ್ಟರ್ ರವಾ ಅಂದಾರೇನು? ಗೋಧಿ ಅಂದಾರ."

ಮಾತು ಬೆಳೆಯಿತು. ಇಬ್ಬರೂ ಗೌರವ ಬಿಡದೆ, ಒಂದೊಂದು ಮಾತಿಗೂ "ರೀ" ಹಚ್ಚಿ ಜಗಳಾಡಿದರು. ಅಂಥ ಜಗಳದಲ್ಲಿ ಮಧ್ಯೆ ಬಾಯಿ ಹಾಕುವುದು ಗಂಡಸರಿಗೆ ಕ್ಷೇಮವಲ್ಲ. ನಾನು ಮಧ್ಯೆ ಕೈ ಹಾಕಿದೆ: ಪಾರುವಿನ ಕಣ್ಣಿಗೆ ಬೀಳುವುದಕ್ಕೆ ಮುಂಚೆ ಉಂಡೆಗಳನ್ನು ಒಂದೊಂದಾಗಿ ತಿಂದು ಸಾಕ್ಷಿ ಇಲ್ಲದ ಹಾಗೆ ಮಾಡಿದೆ. ಸತ್ಯನಾರಾಯಣ ಪೂಜೆಯ ಮನೆಗಳಲ್ಲೂ ಇದೇ ಆಯಿತು. ಪ್ರಸಾದ ಎಂದರೆ ರವೆಯ ಶಿರಾ. ಒಲ್ಲೆ ಎಂದರೆ ದೇವರಿಗೆ ಸಿಟ್ಟು, ತಿನ್ನಿಸಿದರೆ ಕರುಳಿಗೆ ಸಿಟ್ಟು. ಪಾರುವಿನ ಕೈ ದೇವರ ಕಡೆ ಮುಗಿಸಿ, ಅವಳ ಪಾಲಿನ ಶಿರಾ ನಾನೇ ಸ್ವೀಕರಿಸುತ್ತಿದ್ದೆ. ಮಗುವಿನ ತೂಕ ಏರಬೇಕಾಗಿದ್ದ ಆ ಮಳೆಗಾಲದಲ್ಲಿ ನನ್ನ ಧೋತರ ಸಾಲದಾಗುತ್ತ ಬಂತು.

ನಮ್ಮ ಓಣಿಯ ಮರಾಠಿ ಹೆಂಗಸರು ನಮಗೊಂದು ದಾರಿ ತೋರಿದರು. ಅವರ ಉಪವಾಸದ ಅಡುಗೆ ನೋಡಿದ್ದೀರಲ್ಲ? ಸಾಬೂದಾಣಿ ಖಿಚಡಿ, ವರಿ ಅಕ್ಕಿಯ ಅನ್ನ, ರಾಜಗಿರಾ ಉಂಡೆ, ಶೇಂಗಾದ ಆಮಟಿ ಸಾರು. ಗೋಧಿಯ ನೆರಳೂ ಇಲ್ಲ! ಏಕಾದಶಿ ಬಂತೆಂದರೆ ಲೋಕಕ್ಕೆಲ್ಲ ಉಪವಾಸ, ನಮ್ಮ ಪಾರುವಿಗೆ ಹಬ್ಬ. ಓಣಿಯ ಐದಾರು ಮನೆಗಳಿಂದ ಬಟ್ಟಲುಗಳು ಬರುತ್ತಿದ್ದವು. ಸೋಮವಾರ ಒಬ್ಬರದು, ಗುರುವಾರ ಒಬ್ಬರದು, ಚತುರ್ಥಿ ಇನ್ನೊಬ್ಬರದು. ಎದುರು ಮನೆಯ ಮುದುಕಿಯಂತೂ, ಇಷ್ಟು ಸಣ್ಣ ಕೂಸು ವಾರವೆಲ್ಲ ಉಪವಾಸ ಹಿಡಿದಿದೆ, ಇದರ ಪುಣ್ಯ ದೊಡ್ಡದು ಎಂದು ಪಾರುವಿನ ಕಾಲು ಮುಟ್ಟಿ ನಮಸ್ಕಾರ ಮಾಡಿಬಿಟ್ಟಳು. ಪಾರು ಖಿಚಡಿ ಮೆತ್ತಿದ ಕೈಯನ್ನು ಅವಳ ತಲೆಯ ಮೇಲಿಟ್ಟು ಆಶೀರ್ವಾದ ಮಾಡಿದಳು.

ಮೊದಮೊದಲು ಬರೀ ಅನ್ನ, ಬೇಳೆಯ ಕಟ್ಟು, ಬಾಳೆಹಣ್ಣು, ಈ ಉಪವಾಸದ ಅಡುಗೆ ಇಷ್ಟರಲ್ಲೇ ಇದ್ದಳು. ಹೊಟ್ಟೆ ಇಳಿಯಿತು, ಮುಖಕ್ಕೆ ನಗು ಬಂತು. ನಮಗೆ ಹಿಡಿಸಲಾರದ ಹಿಗ್ಗು. ಇನ್ನು ರೊಟ್ಟಿ ಕೊಡಬಹುದು, ಜೋಳಕ್ಕೆ ಡಾಕ್ಟರರ ಒಪ್ಪಿಗೆ ಇದೆ ಎಂದು ಗಂಗವ್ವ ದಿನಾ ಎರಡು ಹೊತ್ತು ಬಿಸಿ ರೊಟ್ಟಿಯನ್ನು ಹಾಲಲ್ಲಿ ಮುರಿದು ಕೊಡತೊಡಗಿದಳು. ಕೆಲವೇ ವಾರಗಳಲ್ಲಿ ಮತ್ತೆ ಅದೇ ಹೊಟ್ಟೆ, ಅದೇ ಅಳು, ಅದೇ ನೀರು. ಎಲ್ಲಿಂದ ಬಂತು? ಮನೆಯಲ್ಲಿ ಎಲ್ಲರ ಮೇಲೂ ಎಲ್ಲರಿಗೂ ಅನುಮಾನ. ಗಂಗವ್ವ ನನ್ನ ಕಿಸೆ ಮಗುಚಿ ನೋಡಿದಳು. ನಾನು ಬೀಗಿತಿಯ ಉಂಡೆಗಳಲ್ಲಿ ಒಂದೇನಾದರೂ ನನ್ನ ಕಣ್ಣು ತಪ್ಪಿಸಿ ಉಳಿದಿತ್ತೆ ಎಂದು ಯೋಚಿಸಿದೆ. ಕಿರಾಣಿ ಅಂಗಡಿಯವನು ಇಂಗಿನ ಪುಡಿಯಲ್ಲಿ ಹಿಟ್ಟು ಬೆರೆತಿರುತ್ತದೆ ಎಂದು ಹೇಳಿದ. ಅವತ್ತೇ ಇಂಗಿನ ಡಬ್ಬಿ ಹೊರಗೆ ಹೋಯಿತು. ಇಂಗಿಲ್ಲದ ಸಾರು ಉಂಡು ನಾನು ಮುಖ ಹುಳ್ಳಗೆ ಮಾಡಿಕೊಂಡೆ. ಆದರೂ ಪಾರುವಿನ ಹೊಟ್ಟೆ ಇಳಿಯಲಿಲ್ಲ.

ಸುದ್ದಿ ಗಡಹಿಂಗ್ಲಜಕ್ಕೆ ಮುಟ್ಟಿತು. ಬಾಳಕ್ಕ ಗಂಡನನ್ನು ಕರೆದುಕೊಂಡು ಬಂದರು. ನಮ್ಮ ಬೀಗರು ಮಲ್ಲಪ್ಪನವರು ಮಾತು ಕಡಿಮೆ ಆಡುವವರು; ಅವರ ಪಾಲಿನದನ್ನೂ ಬಾಳಕ್ಕನೇ ಆಡುತ್ತಾರೆ.

"ಈಗರ ತಿಳೀತಿಲ್ಲೋ? ಗೋಧಿದೇನೂ ತಪ್ಪಿಲ್ಲ. ಜೋಳಾನೂ ಹೊಂದವಲ್ದು ಕೂಸಿಗೆ. ಗೋಧಿ ಬಿಟ್ರ ಮೈಯಾಗ ಕಸುವು ಎಲ್ಲಿಂದ ಬರಬೇಕರಿ? ನಾವು ಕರಕೊಂಡು ಹೊಂಡತೇವಿ. ದಿನಾ ಹುಗ್ಗಿ ಹಾಕತೇನಿ, ಹೆಂಗ ಏಳೂದಿಲ್ಲ ನೋಡೂಣು."

"ಅತ್ತೀ, ಡಾಕ್ಟರ್ ಬ್ಯಾಡಂದಾರ್ರಿ," ಎಂದಳು ಶಾಂತಾ, ನೆಲ ನೋಡುತ್ತ.

"ಡಾಕ್ಟರ್ ಏನ್ ಹಡದಾರೇನು ಅದನ್ನ?"

ನನಗೆ ಸಿಟ್ಟು ಬಂತು. ಆದರೆ ಬಾಳಕ್ಕನ ಕಣ್ಣು ನೋಡಿದೆ, ಕೆಂಪಗಿದ್ದವು. ಬಸ್ಸಿನಲ್ಲಿ ಅತ್ತುಕೊಂಡು ಬಂದಿದ್ದರು. ಅವರಿಗೂ ಗೊತ್ತಿದ್ದ ಔಷಧ ಒಂದೇ, ಉಣಿಸುವುದು. "ಬೀಗಿತೇರ, ಕೊಲ್ಲಾಪುರದ ತೂಕ ಒಂದು ಆಗಲಿರಿ. ಆಮ್ಯಾಲೆ ನೀವು ಹೇಳಿದಂಗ," ಎಂದೆ. ಒಪ್ಪಿ ಹೋದರು. ಒಪ್ಪಿಸಿದೆನಲ್ಲ ಎಂದು ಮೊದಲು ಹಿಗ್ಗಿದೆ. ಆಮೇಲೆ ಕೂತು ಲೆಕ್ಕ ಹಾಕಿದೆ. ತೂಕ ಏರದಿದ್ದರೆ ಒಂದು ಕಡೆ ಮುಂಬಯಿಯ ನಳಿಕೆ, ಇನ್ನೊಂದು ಕಡೆ ಗಡಹಿಂಗ್ಲಜದ ಹುಗ್ಗಿ.

ಅದಾದ ಎರಡು ಮೂರು ದಿನಕ್ಕೆ ಜೋಳದ ಡಬ್ಬಿ ಹೊತ್ತು ಗಿರಣಿಗೆ ಹೋದೆ. ಹಿಟ್ಟಿನ ಗಿರಣಿಯ ಪದ್ಧತಿ ನಿಮಗೆ ಗೊತ್ತಿರಬೇಕು. ಡಬ್ಬಿ ಸಾಲಿನಲ್ಲಿಟ್ಟು ಪೇಟೆಗೆ ಹೋಗಿ, ತಿರುಗಿ ಬರುವಷ್ಟರಲ್ಲಿ ಹಿಟ್ಟಾಗಿರುತ್ತದೆ. ಸಾಲಿನಲ್ಲೂ ಒಂದು ರಾಜಕೀಯ ಇದೆ. ಗೋಧಿಯವರು ಜೋಳದ ಹಿಂದೆ ನಿಲ್ಲಲು ಒಪ್ಪುವುದಿಲ್ಲ, ಹಿಟ್ಟು ಕಪ್ಪಾಗುತ್ತದೆ ಎಂದು. ಜೋಳದವರು ಮಾತ್ರ ಗೋಧಿಯ ಹಿಂದೆ ಜಾಗ ಸಿಕ್ಕರೆ ಲಾಟರಿ ಹತ್ತಿದ ಹಾಗೆ ಖುಷಿ ಪಡುತ್ತಾರೆ. ಕಲ್ಲಿನಲ್ಲಿ ಉಳಿದ ಗೋಧಿ ಹಿಟ್ಟು ಜೋಳಕ್ಕೆ ಬೆರೆತರೆ ಹಿಟ್ಟಿಗೆ ಜಿಗಿ ಬರುತ್ತದೆ. ಬಡಿಯುವಾಗ ರೊಟ್ಟಿ ಬಿರಿಯುವುದಿಲ್ಲ. ಇದನ್ನೆಲ್ಲ ನಾನು ಈಗ ಶಾಣ್ಯಾನ ಹಾಗೆ ಹೇಳುತ್ತಿದ್ದೇನೆ. ಆವತ್ತು ಕಾಲು ನೋಯುತ್ತಿತ್ತೆಂದು ಪೇಟೆಗೆ ಹೋಗದೆ ಅಲ್ಲೇ ಚೀಲದ ಮೇಲೆ ಕೂತೆ. ನೋಡುತ್ತೇನೆ, ಗಿರಣಿಯ ಧೋಂಡಿಬಾ ಮಾಮಾ ಸಾಲಿನ ತುದಿಯಲ್ಲಿದ್ದ ನನ್ನ ಡಬ್ಬಿಯನ್ನು ಎತ್ತಿಕೊಂಡು ಬಂದು, ಒಬ್ಬರ ಬಿಳಿ ಗೋಧಿ ಬೀಸಿ ಮುಗಿದ ತಕ್ಷಣ, ಕಲ್ಲು ಇನ್ನೂ ತಿರುಗುತ್ತಿರುವಾಗಲೇ ಸುರಿದುಬಿಟ್ಟ. ನನ್ನ ಕಡೆ ತಿರುಗಿ ಬೆಳ್ಳನೆಯ ಹುಬ್ಬು ಕುಣಿಸಿದ.

"ಆಜೋಬಾ, ಕಾಳಜಿ ನಕೋ! ನಿಮ್ಮ ಮೊಮ್ಮಗಳ ಡಬ್ಬಾ ನಾ ಯಾವಾಗ್ಲೂ ಗೋಧಿ ಹಿಂದನ ಹಾಕ್ತೀನಿ. ಲೈನ್‌ದಾಗ ಮಂದಿ ಬೈತಾರ, ಬೈಲಿ. ಆಜಾರಿ ಪೋರಿ, ಮೆತ್ತಗ ಭಾಕರಿ ತಿನ್ನಲಿ. ಒಂದು ಮೂಠಭರ ಗೋಧಿ ಹೊಟ್ಯಾಗ ಹೋದ್ರ ತಾಕತ್ತ ಬರ್ತದ!"

ನನ್ನ ಮಂದ ಕಿವಿಗೆ, ಅಷ್ಟು ಸದ್ದಿನಲ್ಲಿ, ಆ ಒಂದೊಂದು ಶಬ್ದವೂ ಸ್ವಚ್ಛವಾಗಿ ಕೇಳಿತು. ರೋಗದ ಕೂಸು ಎಂದು ಕನಿಕರಪಟ್ಟು, ಸಾಲಿನವರ ಬೈಗುಳ ತಿಂದು, ವಾರ ವಾರ ಹಿಡಿ ಹಿಡಿ ಗೋಧಿಯನ್ನು ನಮ್ಮ ಕುಂಕುಮದ ಬೊಟ್ಟಿನ ಡಬ್ಬಿಗೆ ತುಂಬಿ ಕಳಿಸುತ್ತಿದ್ದ ಪುಣ್ಯಾತ್ಮ! ಸಿಟ್ಟು ಬರಲಿಲ್ಲ. ಹೇಗೆ ಬರಬೇಕು? ನಾವು ಮನೆಯಲ್ಲಿ ಮಾಡಿದ್ದನ್ನೇ ಅವನು ಗಿರಣಿಯಲ್ಲಿ ಮಾಡಿದ್ದ. ನಾನು ಜೋರಾಗಿ ನಕ್ಕೆ, ನಗುತ್ತ ನಗುತ್ತ ಅತ್ತೆ, ಅವನನ್ನು ತಬ್ಬಿಕೊಂಡೆ; ಇಬ್ಬರೂ ಹಿಟ್ಟಿನ ಮೂಟೆಗಳಾದೆವು. ಗೋಧಿ ಮುನಿಸಿನ ಕಥೆ ಕೇಳಿದ ಮೇಲೆ ಧೋಂಡಿಬಾ "ಅರೆ ದೇವಾ!" ಎಂದು ಹಣೆ ಹೊಡೆದುಕೊಂಡು ಗಿರಣಿಯನ್ನೇ ನಿಲ್ಲಿಸಿದ. ಸಾಲಿನವರು ಕೂಗಾಡಿದರು. ಕಲ್ಲು ಬಿಚ್ಚಿ ಕಸಬರಿಗೆಯಿಂದ ಸ್ವಚ್ಛ ಮಾಡಿ, ಮೊದಲು ಅಕ್ಕಿ ಬೀಸಿ, ಆಮೇಲೆ ನಿಮ್ಮದು ಹಾಕುತ್ತೇನೆ ಎಂದ. ಆದರೆ ಗಿರಣಿಯ ಗಾಳಿಯೆಲ್ಲ ಗೋಧಿ. ಅವನ ರೆಪ್ಪೆಯ ಮೇಲೆ ಗೋಧಿ, ತೊಲೆಯ ಮೇಲೆ ಗೋಧಿ, ಗೋಡೆಯ ಮೇಲಿನ ದೇವರ ಪಟದ ಮೇಲೂ ಗೋಧಿ.

ಮನೆಗೆ ಬಂದು ಹೇಳಿದೆ. ಗಂಗವ್ವ ನೇರ ಹಿತ್ತಲಿಗೆ ಹೋದಳು. ಅವಳ ತವರಿನಿಂದ ಬಂದ ಬೀಸುವ ಕಲ್ಲು, ಗಿರಣಿ ಬಂದ ಮೇಲೆ ಅಜ್ಞಾತವಾಸಕ್ಕೆ ಹೋಗಿತ್ತು. ಮೇಲಿನ ಕಲ್ಲು ನೀರಿನ ಹೌದಿನ ಮುಚ್ಚಳ ಹಾರದ ಹಾಗೆ ಕಾಯುತ್ತಿತ್ತು. ಕೆಳಗಿನ ಕಲ್ಲಿನ ಮೇಲೆ ಕೂತು ನಾನು ಇಷ್ಟು ವರ್ಷ ಸ್ನಾನ ಮಾಡುತ್ತಿದ್ದೆ. ಎರಡನ್ನೂ ಎತ್ತಿ ಉಜ್ಜಿ ತೊಳೆದಳು. ಹಲ್ಲು ಸವೆದು ನುಣುಪಾಗಿದ್ದವು. ನನ್ನ ಸ್ನಾನದ ಪಾಲೂ ಅದರಲ್ಲಿ ಇತ್ತು ಎನ್ನಿ. ಧೋಂಡಿಬಾ ತಾನೇ ಉಳಿ ಸುತ್ತಿಗೆ ಹಿಡಿದು ಬಂದು, ಅಂಗಳದಲ್ಲಿ ಕೂತು, ಕಲ್ಲಿಗೆ ಹೊಸ ಹಲ್ಲು ಕೊಟ್ಟ. ತನ್ನ ಗಿರಾಕಿಯನ್ನು ತಾನೇ ಕಳೆದುಕೊಳ್ಳಲು ಇಷ್ಟು ಮುತುವರ್ಜಿಯಿಂದ ದುಡಿದ ವ್ಯಾಪಾರಸ್ಥನನ್ನು ನಾನು ಇನ್ನೊಬ್ಬನನ್ನು ಕಂಡಿಲ್ಲ. ಹಳೆಯ ಡಬ್ಬಿಯ ಹಿಟ್ಟೆಲ್ಲ ಪಕ್ಕದ ಮನೆಯ ಎಮ್ಮೆಗೆ ಹೋಯಿತು. ಎಮ್ಮೆಗೆ ಯಾವ ಮುನಿಸೂ ಇರಲಿಲ್ಲ.

ಒಬ್ಬಳಿಂದ ಬೀಸುವುದು ಆಗದ ಕೆಲಸ, ಶಾಂತಾಳಿಗೆ ರೂಢಿ ಇಲ್ಲ. ಹೀಗಾಗಿ ದಿನಾ ಮುಂಜಾನೆ ಕಲ್ಲಿನ ಒಂದು ಬದಿಗೆ ಗಂಗವ್ವ, ಇನ್ನೊಂದು ಬದಿಗೆ ನಾನು. ಮದುವೆಯಾದಾಗಿನಿಂದ ನಾವಿಬ್ಬರೂ ಅಷ್ಟು ಹೊತ್ತು ಎದುರಾ ಬದುರಾ ಕೂತದ್ದೇ ಇಲ್ಲ. ನನ್ನದು ಯಾವಾಗಲೂ ಒಂದಿಲ್ಲ ಒಂದು ಪಾಳಿ. ಬೀಸುವಾಗ ಹೆಂಗಸರು ಹಾಡುತ್ತಾರೆ. ಗಂಗವ್ವ ದನಿ ತೆಗೆದಳು, ಸೊಗಸಾಗಿತ್ತು. ನಾನೂ ದನಿ ಕೂಡಿಸಿದೆ. ಬೀದಿಯಲ್ಲಿ ಸೈಕಲ್ ಮೇಲೆ ಶೆಡ್ಡಿಗೆ ಹೊರಟ ಹುಡುಗರು ಬ್ರೇಕ್ ಹಾಕಿದರು.

"ಅಜ್ಜಾರ, ಯಾರರ ಹೊಡ್ಯಾಕತ್ತಾರೇನ್ರಿ ನಿಮಗ?"

"ನೀವು ಸುಮ್ಮನ ತಿರುವ್ರಿ ಸಾಕು, ಹಾಡೂದು ನನಗ ಬಿಡ್ರಿ," ಎಂದಳು ಗಂಗವ್ವ. ಅವಳ ಮುಖದ ಮೇಲೆ ನಗು, ಕೂದಲ ಮೇಲೆ ಹಿಟ್ಟು. ನಿಜ ಹೇಳುತ್ತೇನೆ, ಆ ವಯಸ್ಸಿನಲ್ಲೂ ಚೆಂದ ಕಾಣುತ್ತಿದ್ದಳು. ಹೇಳಿದರೆ ಓಣಿಗೆಲ್ಲ ಕೇಳಿಸೀತೆಂದು ಹೇಳಲಿಲ್ಲ.

ಮಳೆ ನಿಂತ ಮೇಲೆ ಕೊಲ್ಲಾಪುರಕ್ಕೆ ಹೋದೆವು. ಬೀಗರೂ ಬೀಗಿತಿಯೂ ಗಡಹಿಂಗ್ಲಜದಿಂದ ನೇರ ಅಲ್ಲಿಗೇ ಬಂದಿದ್ದರು. ತಕ್ಕಡಿಯ ಮೇಲೆ ಪಾರುವನ್ನು ನಿಲ್ಲಿಸಿದಾಗ ನಾನು ಕಣ್ಣು ಮುಚ್ಚಿದೆ. ಡಾಕ್ಟರರು "ಅರೆ ವಾಹ್!" ಎಂದರು. ಮುಳ್ಳು ಏರಿತ್ತು, ಸುಮ್ಮನೆ ಏರಿರಲಿಲ್ಲ, ಉತ್ಸಾಹದಿಂದ ಏರಿತ್ತು. ಹೊಟ್ಟೆ ಮುಟ್ಟಿ ನೋಡಿದರು, ರೆಪ್ಪೆ ಬಿಡಿಸಿ ನೋಡಿದರು, ಮುಂಬಯಿಯ ಮಾತು ಈಗ ಬೇಡ ಎಂದರು. ನಾನು ಸಂತೋಷಕ್ಕೆ ಕೂಗಿದ ಕೂಗಿಗೆ ಹೊರಗಿನ ಕಂಪೌಂಡರ್ ಏನೋ ಅನಾಹುತವಾಯಿತೆಂದು ಓಡಿಬಂದ. ಗಂಗವ್ವ ಸೆರಗಿನಿಂದ ರಾಜಗಿರಾ ಉಂಡೆ ತೆಗೆದು ಡಾಕ್ಟರರಿಗೆ, ಕಂಪೌಂಡರಿಗೆ, ಬೆಂಚಿನ ಮೇಲಿದ್ದವರಿಗೆಲ್ಲ ಹಂಚಿದಳು. ಬಾಳಕ್ಕ ಮೊಮ್ಮಗಳನ್ನು ಎತ್ತಿಕೊಂಡು, ತೋಳಿನ ಮಾಂಸ ಹಿಡಿದು ಹಿಡಿದು ನೋಡಿದರು. ಗಿರಣಿಯ ಕಥೆ ತಿಳಿದ ಮೇಲೆ ಗಂಗವ್ವನಿಗೆ ಮೆಲ್ಲಗೆ ಕೇಳಿದರು: "ಬೀಗಿತೇರ, ಆ ಕಲ್ಲು ಎಲ್ಲಿ ಸಿಗತಾವ್ರಿ?"

ಆ ಪ್ರಶ್ನೆಯ ಅರ್ಥ ನನಗೆ ಮನೆಗೆ ಬಂದ ಮೇಲೆ ಆಯಿತು. ಕೂಸು ಗುಣವಾಯಿತು ಎಂದರೆ ಕೂಸು ತನ್ನ ಮನೆಗೆ ಹೊರಟಿತು ಎಂದು ಅರ್ಥ. ಬೇಡಿದ್ದೂ ಅದನ್ನೇ, ಬೇಡವಾದದ್ದೂ ಅದೇ. ಪಾರು ಹೋದ ಮೇಲೆ ನಾವಿಬ್ಬರೂ ಎರಡು ದಿನ ಕಲ್ಲಿನ ಎದುರು ಸುಮ್ಮನೆ ಕೂತು ಎದ್ದೆವು, ಯಾರಿಗೆಂದು ಬೀಸಬೇಕು? ಬಾಳಕ್ಕ ಮಾತ್ರ ಮಡಿಯಲ್ಲಿ ಗಂಗವ್ವನನ್ನೂ ಮೀರಿಸಿದರು. ದೀಪಾವಳಿಗೆ ಅವರ ಮನೆಯಲ್ಲಿ ಪಾರುವಿಗೆಂದು ಅಕ್ಕಿ ಹಿಟ್ಟಿನ ಕಡುಬು ಆದವಂತೆ. ನೆರೆಯವರು ರವಾ ಉಂಡೆ ತಂದರೆ, "ಅಯ್ಯ, ರವಾ ಅಂದ್ರ ಗೋಧೀನ ಅಲ್ರಿ? ಅಷ್ಟೂ ತಿಳ್ಯಾಂಗಿಲ್ಲೇನು?" ಎಂದು ಬಾಗಿಲಿನಿಂದಲೇ ಕಳಿಸುತ್ತಾರಂತೆ. ಆದರೆ ಬೀಸುವಾಗ ಬಾಳಕ್ಕನಿಗೆ ರಟ್ಟೆ ನೋವು. ಹೇಳಿ ಕಳಿಸಿದರು: ಬೀಗರಿಗೆ ಕಲ್ಲು ತಿರುವುವ ಅಭ್ಯಾಸ ಚೆನ್ನಾಗಿದೆಯಂತೆ, ಒಮ್ಮೆ ಬಂದು ಹೋಗಲಿ.

ಹೆಣ್ಣು ಕೊಟ್ಟ ಬೀಗ ಎಂದರೆ ಏನು ಗತ್ತು! ಜಮಖಾನೆಯ ಮೇಲೆ ತಲೆಗೆ ಪಟಗ ಸುತ್ತಿಕೊಂಡು ಕೂಡಬೇಕು, ಎಲೆ ಅಡಿಕೆ ಬರಬೇಕು, ಉಪಚಾರ ಮಾಡಿಸಿಕೊಂಡು, ಸಾಕು ಸಾಕು ಎನ್ನುತ್ತ ಉಣ್ಣಬೇಕು. ನಾನು ತಿಂಗಳಿಗೊಮ್ಮೆ ಗಡಹಿಂಗ್ಲಜದ ಬಸ್ಸು ಹತ್ತಿ ಹೋಗಿ, ಪಟಗ ಗೂಟಕ್ಕೆ ಹಾಕಿ, ಪಡಸಾಲೆಯಲ್ಲಿ ಬೀಸುವ ಕಲ್ಲಿನ ಮುಂದೆ ಕೂಡುತ್ತೇನೆ. ಎದುರಿಗೆ ಮಾತಿಲ್ಲದ ಮಲ್ಲಪ್ಪ. ಕಲ್ಲಿನ ಒಂದೇ ಗೂಟ ಹಿಡಿದು ಇಬ್ಬರು ಬೀಗರು ತಿರುಗಿಸುತ್ತೇವೆ. ಬಂದವರು ನೋಡಿ ಬಾಯಿಗೆ ಸೆರಗು ಹಚ್ಚಿಕೊಳ್ಳುತ್ತಾರೆ. ಮೊನ್ನೆ ಹೋದಾಗ ಬೆವರು ಒರೆಸಿಕೊಂಡು, ಮುಗಿಯಿತು ಎಂದು ಏಳಲು ಹೊರಟಿದ್ದೆ. ಈಗ ಶಾಲೆಗೆ ಹೋಗುವಷ್ಟು ದೊಡ್ಡವಳಾದ ಪಾರು ಬಂದು ಪಾಟೀಚೀಲ ಮೂಲೆಗೆ ಒಗೆದು, ದಪ್ಪ ದಪ್ಪ ಕೆನ್ನೆ ಹೊತ್ತು, ಸೊಂಟದ ಮೇಲೆ ಕೈಯಿಟ್ಟು ನಿಂತಳು. ಹಿಟ್ಟನ್ನು ಎರಡು ಬೆರಳಲ್ಲಿ ಹಿಡಿದು ತಿಕ್ಕಿ ನೋಡಿದಳು.

"ಅಜ್ಜಾ, ಇದೇನು, ನುಚ್ಚು ನುಚ್ಚು ಐತಿ! ಇನ್ನೊಮ್ಮೆ ಬೀಸು."

ನಾನು ಮಲ್ಲಪ್ಪನವರ ಮುಖ ನೋಡಿದೆ. ಅವರು ಆಗಲೇ ಗೂಟ ಹಿಡಿದಿದ್ದರು. ನಾನೂ ಕೂತೆ.